ಹನ್ನೊಂದು ತಿಂಗಳ ವಿಳಾಸಕ್ಕೆ ಬಂದ ರಿಫಂಡ್

"ತೀ ಇಥೇ ರಾಹತ್ ನಾಹೀ." ಅವಳು ಇಲ್ಲಿ ವಾಸವಿಲ್ಲ. ಮನೆಯೊಡತಿ ಬಾಗಿಲಲ್ಲಿ ನಿಂತು ಅಂಚೆಯವನಿಗೆ ಹೀಗೆ ಹೇಳುವಾಗ ನಾನು ಅದೇ ಮನೆಯ ಮಹಡಿಯಲ್ಲಿ ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. ಆ 'ಅವಳು' ನಾನೇ ಎಂದು ಹೊಳೆದು ಕೆಳಗೆ ಓಡುವಷ್ಟರಲ್ಲಿ ಅವನು ಸೈಕಲ್ ಹತ್ತಿ ಹೋಗಿಯಾಗಿತ್ತು. ಮರಾಠಿಯಲ್ಲಿ ನಾನು ಪೂರ್ತಿ ಕಲಿತ ಮೊದಲ ವಾಕ್ಯ ಅದು.

"ಕಾಕೂ, ಅದು ನನ್ನ ಕಾಗದ!" ಎಂದೆ. ಕಾಕೂ ಅಂದರೆ ಚಿಕ್ಕಮ್ಮ. ಬೊಂಬಾಯಿಯ ಚೆಂಬೂರಿನ ಆ ಮನೆಯೊಡತಿಯನ್ನು ಎಲ್ಲರೂ ಹಾಗೇ ಕರೆಯುತ್ತಿದ್ದರು. ಅವರಿಗೆ ಸಂಕೋಚವೇನೂ ಇರಲಿಲ್ಲ.

"ಸರ್ಕಾರೀ ಕಾಗಜ್ ಲೇಗೀ, ತೋ ಕಲ್ ಬೋಲೇಗೀ ಘರ್ ಮೇರಾ ಹೈ."

ಸರ್ಕಾರದ ರಿಜಿಸ್ಟರ್ ಲಕೋಟೆ ಪಡೆದರೆ ನಾಳೆ ಮನೆಯೇ ನನ್ನದು ಎನ್ನುತ್ತೇನಂತೆ! ಬಾಡಿಗೆದಾರ ಬೇರು ಬಿಟ್ಟಾನೆಂಬ ಭಯ ಈ ಊರಿನ ಮಾಲೀಕರಿಗೆ. ಅದಕ್ಕೇ ಹನ್ನೊಂದು ತಿಂಗಳ ಕರಾರು, ಆಮೇಲೆ ಗಂಟುಮೂಟೆ. ಮೈಸೂರಿನಲ್ಲಿ ನಮ್ಮ ಮನೆ ಮಾಲೀಕರು ನನಗೆ ಬಂದ ಕಾರ್ಡನ್ನು ತಾವೇ ಓದಿ, ನಾನು ಮನೆ ಸೇರುವ ಮೊದಲೇ ಸುದ್ದಿಯನ್ನು ಬೀದಿಗೆಲ್ಲ ಹಂಚಿರುತ್ತಿದ್ದರು. ಆಗ ಅದಕ್ಕೂ ಸಿಟ್ಟಾಗುತ್ತಿದ್ದೆ, ದಡ್ಡಿ ನಾನು.

ಆ ಲಕೋಟೆಯಲ್ಲಿದ್ದದ್ದು ಆದಾಯ ತೆರಿಗೆಯ ರಿಫಂಡ್. ಗಂಡ ತೀರಿಕೊಂಡ ಮೇಲೆ ಇಲ್ಲಿನ ಕಾರ್ಖಾನೆಯೊಂದರಲ್ಲಿ ಸ್ಟೆನೋ ಆಗಿ ಸೇರಿದ್ದೆ. ವಿಮೆಯ ರಸೀದಿಯನ್ನು ತಡವಾಗಿ ಕೊಟ್ಟೆನೆಂದು ಸಂಬಳದಲ್ಲಿ ತೆರಿಗೆ ಹೆಚ್ಚು ಹಿಡಿದಿದ್ದರು. ಅದು ವಾಪಸು ಬಂದರೆ ಆಂಟಾಪ್ ಹಿಲ್‌ನಲ್ಲಿ ನೋಡಿಟ್ಟಿದ್ದ ಕೋಣೆಗೆ ಡಿಪಾಸಿಟ್ ಕಟ್ಟಬಹುದು. ಅಕ್ಕನ ಮನೆಯಲ್ಲಿ ಬಿಟ್ಟುಬಂದಿದ್ದ ಮಗಳು ಪಲ್ಲವಿಯನ್ನು ಕರೆಸಿಕೊಳ್ಳಬಹುದು. ಬಿಟ್ಟು ಬಂದಾಗ ಅವಳಿಗೆ ಮೂರು ವರ್ಷ. ಇನ್ನೂ ತಡವಾದರೆ ಕೂಸು ನನ್ನನ್ನು ಮರೆತೇಬಿಡುತ್ತದೆಂದು ಲೋಕಲ್ ರೈಲಿನಲ್ಲಿ ನಿಂತಲ್ಲೇ ತಿಂಗಳು ಎಣಿಸುತ್ತಿದ್ದೆ. ಈಗಿನವರು ಕಂಪ್ಯೂಟರಿನಲ್ಲಿ ರಿಟರ್ನ್ ತುಂಬಿ, ಹತ್ತಿಪ್ಪತ್ತು ದಿನ ತಡವಾದರೆ ಗೊಣಗುತ್ತಾರೆ. ಕೇಳಿದರೆ ನನ್ನ ಮೈ ಉರಿಯುತ್ತದೆ.

ಅರ್ಧ ದಿನ ರಜೆ ಹಾಕಿ ತೆರಿಗೆ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು ಬಿಜಾಪುರದ ಕಡೆಯವರು, ಕುಲಕರ್ಣಿ ಎಂದು. ಕನ್ನಡ ಕಿವಿಗೆ ಬಿದ್ದದ್ದೇ ತಡ, ನನಗೆ ಅಳುವೇ ಬಂತು.

"ಏನ್ರೀ ಅಕ್ಕಾರ, ವರ್ಷಾ ವರ್ಷಾ ಮನಿ ಬದಲ್ ಮಾಡ್ತೀರಿ. ನಾವು ಎಲ್ಲಿಗಂತ ಕಳಸೂಣು?"

"ಹನ್ನೊಂದು ತಿಂಗಳಿಗೆ ಓಡಿಸ್ತಾರೆ ಸಾರ್. ನೀವು ಹತ್ತು ತಿಂಗಳೊಳಗೆ ಕಳಿಸಿ, ನಾನೇ ಬಾಗಿಲಲ್ಲಿ ನಿಂತು ತಗೋತೀನಿ."

ಅವರು ನಕ್ಕುಬಿಟ್ಟರು. "ಅಷ್ಟ ಲಗೂನ ಆಗೂದಿಲ್ರೀ. ಒಂದು ಕೆಲಸಾ ಮಾಡ್ರಿ, ನಿಮ್ಮ ಖಾಯಂ ಪತ್ತಾ ಬರೀರಿ."

ಪೆನ್ನಿನ ಮುಚ್ಚಳ ತೆಗೆದೆ. ದುಡಿಯುವುದು ಇಲ್ಲಿ, ತೆರಿಗೆ ಕಟ್ಟುವುದು ಇಲ್ಲಿ. ಖಾಯಂ ಎನ್ನಲು ಮಾತ್ರ ಇಲ್ಲಿ ಒಂದು ಗೇಣು ಜಾಗವಿರಲಿಲ್ಲ. ಕೊನೆಗೆ ಅಕ್ಕನ ಮನೆಯ ವಿಳಾಸ ಬರೆದೆ.

ಮತ್ತೂ ಒಂದು ಮನೆ ಬದಲಿಸಿದ ಮೇಲೆ ಅಕ್ಕನ ಕಾಗದ ಬಂತು: "ರಿಫಂಡ್ ಬಂದಿದೆ ಕಣೇ. ಬಂದು ಎರಡನ್ನೂ ಕರಕೊಂಡು ಹೋಗು." ಹೋದೆ. ಮಗಳು ಹಟ ಮಾಡದೆ ಜೊತೆಗೆ ಹೊರಟಳು. ಬೊಂಬಾಯಿ ನೋಡುವ ಖುಷಿಯೋ ಏನೋ, ದಾರಿಯುದ್ದಕ್ಕೂ ಕಿಟಕಿ ಬಿಟ್ಟು ಕದಲಲಿಲ್ಲ. ಗೆದ್ದೆ ಎಂದುಕೊಂಡೆ.

ಆ ಹಣದಲ್ಲಿ ಡಿಪಾಸಿಟ್ ಕಟ್ಟಿ ಸೇರಿದ ಆಂಟಾಪ್ ಹಿಲ್ ಕೋಣೆಯ ಮಾಲೀಕರದೂ ಒಂದು ಷರತ್ತು. ಕಟ್ಟಡ ನೋಡಿಕೊಳ್ಳುವ ಸೊಸೈಟಿಯವರು ವಿಚಾರಿಸಿದರೆ ನಾವು ಬಾಡಿಗೆಗೆ ಇರುವವರು ಎನ್ನಕೂಡದು. ಮಗುವಿನ ಬಾಯಿಯ ಹೆದರಿಕೆ ನನಗೆ. ಮಾರನೆಯ ಬೆಳಿಗ್ಗೆ ಜಡೆ ಹಾಕುತ್ತಾ ಪಾಠ ಮಾಡಿದೆ.

"ಪುಟ್ಟಿ, ಯಾರಾದ್ರೂ ಕೇಳಿದ್ರೆ ನಾವಿಲ್ಲಿ ನೆಂಟರು, ಸ್ವಲ್ಪ ದಿನ ಇದ್ದು ಹೋಗ್ತೀವಿ ಅನ್ನು. ಸುಳ್ಳು ಅಂತ ಹೆದರಬೇಡ."

ಅವಳು ತಿರುಗಿಯೂ ನೋಡಲಿಲ್ಲ. "ಸುಳ್ಳು ಯಾಕಾಗತ್ತೆ? ನಂಗೊತ್ತು, ಚಿಕ್ಕಮ್ಮ. ಅಮ್ಮ ನನ್ನ ಕರಕೊಂಡು ಹೋಗಕ್ಕೆ ಯಾವಾಗ ಬರ್ತಾಳೆ?"

ಕೈಯಲ್ಲಿದ್ದ ಜಡೆ ಬಿಚ್ಚಿಹೋಯಿತು. ಅಮ್ಮ ನಾನೇ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು, ಸೊಸೈಟಿಯ ಮನುಷ್ಯ. ಮಗಳು ಓಡಿಹೋಗಿ ಬಾಗಿಲು ತೆಗೆದು, ನಾನು ಹೇಳಿಕೊಟ್ಟದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. ಕನ್ನಡ ಬಾರದ ಆತ, ಇವಳು ಹೇಳಿದ್ದು ನಿಜವೇ ಎಂಬಂತೆ ನನ್ನ ಮುಖ ನೋಡಿದ.

"ಹಾಂ," ಎಂದೆ, "ಸಚ್ ಬೋಲತೀ ಹೈ."