ಕಾವಲಿಗೆ ಕೂತ ಕಾಕಿ

ಮೊನ್ನೆ ಸಂಜೆ ಹೊಸ ಲ್ಯಾಪ್‌ಟಾಪಿಗೆ ಎರಡನೆಯ ಆಪರೇಟಿಂಗ್ ಸಿಸ್ಟಮ್ ಹಾಕುತ್ತಿದ್ದೆ. ನಡುವೆ ಪರದೆ ನೀಲಿಯಾಗಿ, ಬದಲಾವಣೆಗೆ ಒಪ್ಪಿಗೆಯಾದರೆ ವೈ, ಬೇಡವಾದರೆ ಎನ್ ಒತ್ತಿ ಎಂದಿತು. ಇಂಥವನ್ನೆಲ್ಲ ಓದದೆಯೇ ಒತ್ತುವ ಜಾತಿ ನನ್ನದು. ಮೊನ್ನೆ ಮಾತ್ರ ಬೆರಳು ನಿಂತಿತು. ಅಡುಗೆಮನೆಯಿಂದ ರೊಟ್ಟಿಯ ವಾಸನೆ ಬರುತ್ತಿತ್ತು, ಹೊತ್ತೂ ಮುಳುಗುವುದರಲ್ಲಿತ್ತು. ಹುಕ್ಕೇರಿಯ ಕಾಕಾನ ಮನೆ ನೆನಪಾಗದೆ ಇದ್ದೀತೆ, ನೀವೇ ಹೇಳಿ.

ಎರಡು ಸಾವಿರದ ಆಚೀಚಿನ ಮಾತು. ಗೋಕಾಕದಲ್ಲಿ ಕೆಲ ತಿಂಗಳು ಕಂಪ್ಯೂಟರ್ ಕಲಿತಿದ್ದ ನನ್ನನ್ನು ನೆಂಟರೆಲ್ಲ ಡಾಕ್ಟರರಂತೆ ಕರೆಸುತ್ತಿದ್ದರು. ರೋಗಿ ಎದ್ದು ಕೂರುತ್ತಿದ್ದುದು ಅಪರೂಪ. ಕಾಕಾನ ಬಟ್ಟೆ ಅಂಗಡಿಗೆಂದು ಒಂದು ಯಂತ್ರ ಬಂದಿತ್ತು. ಅದರ ಮೇಲೆ ಅವನ ಮಗಳು ಪದ್ಮಕ್ಕನ ಕಣ್ಣು. ಗೋಕಾಕದ ಬಸ್ಸು ಹತ್ತಲು ಮನೆಯವರು ಬಿಡದ ಹುಡುಗಿಯರಿಗೆ ಮನೆಯಲ್ಲೇ ಕ್ಲಾಸು ನಡೆಸಬೇಕೆಂದು ಅವಳ ಹಟ. ಮೊದಲ ವಿದ್ಯಾರ್ಥಿನಿ ಅವಳ ಅವ್ವ, ಅಂದರೆ ಮೂಡಲಗಿಯಿಂದ ಸೊಸೆಯಾಗಿ ಬಂದ ನಮ್ಮ ಕಾಕಿ. ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟು ಕಲಿತಿದ್ದಳು.

"ಅಂಗಡಿ ಕೆಲಸಕ್ಕ ಧಕ್ಕಿ ಆಗಬಾರ್ದು ನೋಡು," ಎಂದ ಕಾಕಾ. ಹಾಗಾಗಿ ಡಿಸ್ಕನ್ನು ಎರಡು ಮಾಡಿ, ಒಂದೊಂದಕ್ಕೂ ಬೇರೆ ಸಿಸ್ಟಮ್ ಹಾಕಿ, ಒಂದರಲ್ಲಿ ಅಂಗಡಿ, ಇನ್ನೊಂದರಲ್ಲಿ ಕ್ಲಾಸು ಇಡುವುದೆಂದು ಠರಾವಾಯಿತು.

ಐತವಾರ ಶುರು ಮಾಡಿದೆ. ಡಿಸ್ಕು ಭಾಗವಾಗುವಷ್ಟರಲ್ಲಿ ಸಂಜೆಯಾಯಿತು. ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು. ಕಾಕಿಯದು ಒಪ್ಪೊತ್ತಿನ ವ್ರತ, ಸಂಜೆ ಉಣ್ಣುತ್ತಿರಲಿಲ್ಲ. "ನೀವು ಹೋಗ್ರಿ, ನಾ ಕಾಯ್ತೇನಿ," ಎಂದು ಪರದೆಯ ಮುಂದೆ ಕೂತಳು. ಉಂಡು ಬಂದರೆ ಕಪ್ಪು ಪರದೆ, ಸಿಸ್ಟಮ್ಮೇ ಇಲ್ಲವೆಂಬ ಒಂದು ಸಾಲು. ಯಂತ್ರವನ್ನು ಎಬ್ಬಿಸುವ ಬಯೋಸಿನಲ್ಲಿ ನನಗೆ ತಿಳಿದಷ್ಟೆಲ್ಲ ತಿರುವಿದೆ, ಕೇಬಲ್ಲು ಕಿತ್ತು ಹಾಕಿದೆ, ಒಂದೂ ನಡೆಯಲಿಲ್ಲ. ಪುಣ್ಯಕ್ಕೆ ಅಂಗಡಿಯ ಫೈಲುಗಳು ಫ್ಲಾಪಿಯಲ್ಲಿದ್ದವು.

"ಬರೂ ಐತವಾರ ಇನ್ನೊಮ್ಮೆ ನೋಡು, ತಮ್ಮಾ," ಎಂದ ಕಾಕಾ. "ಆಗಲಿಲ್ಲಂದ್ರ ಹತ್ತರಗಿ ಊರಾಗ ಒಬ್ಬ ಗಿರಾಕಿ ಅದಾನ, ಅವಗ ಮಾರಿ ಬಿಡ್ತೇನಿ. ಆಮ್ಯಾಲೆ ಕ್ಲಾಸಿನ ಮಾತ ತಗೀಬ್ಯಾಡ್ರಿ."

ಪದ್ಮಕ್ಕ ಹುಡುಗಿಯರ ಮನೆಗಳಿಗೆ ಆಗಲೇ ಹೇಳಿ ಬಂದಿದ್ದಳು, ಪಾಪ.

ಮುಂದಿನ ಐತವಾರವೂ ಅದೇ ಕೆಲಸ, ಅದೇ ಹೊತ್ತು, ಅದೇ ಕಾವಲು. ಪದ್ಮಕ್ಕ ಬಡಿಸುತ್ತಿದ್ದಳು. ಕಾಕಾ ಎರಡನೆಯ ರೊಟ್ಟಿ ಮುರಿಯುತ್ತಿದ್ದಾಗ ಒಳಗಿನಿಂದ ಕಾಕಿಯ ದನಿ: "ಮತ್ತ ಬಂತ ನೋಡ್ರಿ ಅದು."

"ಏನ್ ಬಂತು, ಕಾಕಿ?"

"ಹೋದ ವಾರದ್ದ. ಏನೋ ತಿದ್ದತೇನಿ, ಹ್ಞೂಂ ಅನ್ನು ಇಲ್ಲಾ ಬ್ಯಾಡ ಅನ್ನು ಅಂತೈತಿ. ಆವಾಗ ಬ್ಯಾಡ ಅಂದಿದ್ನಿ. ಮಾಲಕರ ಇಲ್ಲದಾಗ ಯಾರರೆ ಬಂದು ಮನ್ಯಾಗಿಂದು ತಿದ್ದತೇನಿ ಅಂದ್ರ ಹ್ಞೂಂ ಅಂತಾರೇನು?"

ನನ್ನ ಕೈಯ ತುತ್ತು ಕೈಯಲ್ಲೇ ಉಳಿಯಿತು. ವೈರಸ್ ಬಾರದಂತೆ ಕಾಯುವ ಏರ್ಪಾಡೊಂದು ಬಯೋಸಿನಲ್ಲಿರುತ್ತದೆ. ಡಿಸ್ಕಿನ ಮೊದಲ ತುಣುಕನ್ನು ಯಾರೇ ತಿದ್ದಹೊರಟರೂ ಅಪ್ಪಣೆ ಕೇಳುತ್ತದೆ; ಬೇಡವೆಂದರೆ ಹೊಸ ಸಿಸ್ಟಮ್ ಏಳುವುದೇ ಇಲ್ಲ. ಅದನ್ನು ಮೊದಲೇ ಆಫ್ ಮಾಡಿಡಬಹುದಿತ್ತು. ಅಂಥದೊಂದು ಇದೆಯೆಂದೇ ಡಾಕ್ಟರರಿಗೆ ಗೊತ್ತಿರಲಿಲ್ಲ.

"ಹ್ಞೂಂ ಅನ್ರಿ, ಕಾಕಿ," ಎಂದೆ.

"ನೀ ಹೇಳಿದ್ರ ಆಗೂದಿಲ್ಲ. ಮನೀ ಮಾಲಕರ ಬಂದು ಒತ್ಲಿ."

ಎಲ್ಲರೂ ಕಾಕಾನನ್ನು ನೋಡಿದೆವು. ಆ ಮನೆಯಲ್ಲಿ ತಾಟಿನ ಮುಂದಿನಿಂದ ಎದ್ದರೆ ಊಟ ಮುಗಿದಂತೆ. ಹೊತ್ತು ಮುಳುಗಿದರೆ ಮುಂಜಾನೆಯವರೆಗೆ ನೀರೂ ಇಲ್ಲ. ಬಿಸಿಲು ಗೋಡೆಯ ತುದಿಗೆ ಏರಿತ್ತು. ಕಾಕಾ ಕೈಯ ತುತ್ತನ್ನು ತಾಟಿಗೆ ಬಿಟ್ಟು ಎದ್ದ. ಬಲಗೈ ಎಂಜಲು. ಪರದೆಯ ಮುಂದೆ ಬಗ್ಗಿ, ಎಡಗೈ ಬೆರಳಿನಿಂದ ವೈ ಒತ್ತಿದ. ಸ್ವಲ್ಪ ಹೊತ್ತಿಗೆ ಅಂಗಡಿಯದೊಂದು, ಕ್ಲಾಸಿನದೊಂದು, ಎರಡು ಸಿಸ್ಟಮ್ಮಿನ ಹೆಸರು ಒಂದರ ಕೆಳಗೊಂದು ಮೂಡಿದವು.

"ಅರ್ಧಕ್ಕ ಎದ್ದ ಬಿಟ್ರೆಲ್ಲ," ಎಂದಳು ಕಾಕಿ.

"ಇರ್ಲಿ ಬಿಡು, ಮುಂಜಾನಿ ಉಣ್ತೇನಿ. ಇನ್ನ ಮ್ಯಾಲೆ ಅದು ಏನ್ ಕೇಳಿದ್ರೂ ಪದ್ಮಾನ್ನ ಕೇಳ್ರಿ. ನನ್ನ ಕೇಳಬ್ಯಾಡ್ರಿ."

ಪದ್ಮಕ್ಕ ಬಡಿಸುವ ಸೌಟು ಹಿಡಿದೇ ಅತ್ತಳು.

ಆ ಯಂತ್ರದ ಮುಂದೆ ಎಷ್ಟೋ ಹುಡುಗಿಯರು ಕೂತು ಕಲಿತರು. ಕಾಕಾ ಈಗಿಲ್ಲ. ಮೊನ್ನೆಯ ಲ್ಯಾಪ್‌ಟಾಪೂ ಪದ್ಮಕ್ಕನ ಕ್ಲಾಸಿಗೇ ಹೋಗಬೇಕಾದದ್ದು. ಫೋನು ಮಾಡಿದೆ.

"ಅಕ್ಕಾ, ತಿದ್ದಲೇನು ಅಂತ ಕೇಳಾಕತ್ತೈತಿ. ಏನ್ ಹೇಳ್ಲಿ?"

"ಹ್ಞೂಂ ಅನ್ನು," ಎಂದಳು.

ಫೋನು ಮೇಜಿನ ಮೇಲಿಟ್ಟೆ. ನನ್ನ ಬಲಗೈ ಖಾಲಿಯೇ ಇತ್ತು. ಎಡಗೈಯಿಂದ ವೈ ಒತ್ತಿದೆ.