ಸಾಯಿರಾ ಹಾಕಿದ ಕಟ್ಟಳೆ

ಹಟ ಅಂದರೆ ರಾಯಬಾಗದ ಸಾಯಿರಾಳದು, ಹಿಡಿದರೆ ಉಡದ ಪಟ್ಟು! ಅಡಿಗೆಮನೆಯ ಪಕ್ಕದ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು ಸಾಫ್ಟ್‌ವೇರ್ ಬರೆಯುತ್ತಾಳೆ. ದಿಗ್ಗೇವಾಡಿಯ ನೀರಾವರಿ ಸಂಘಕ್ಕೆ ಅವಳು ಮಾಡಿಕೊಟ್ಟದ್ದು ನೀರಿನ ಪಾಳಿಯ ಸಾಫ್ಟ್‌ವೇರ್. ಹೊಳೆಯ ನೀರು ನಾಳೆ ಯಾರ ಹೊಲಕ್ಕೆ ಎಂದು ರೈತರ ಫೋನಿಗೆ ಮೆಸೇಜು ಹೋಗುತ್ತದೆ. ಕನ್ನಡದ ಕೆಲಸ ಸಾಯಿರಾಳದು, ಮರಾಠಿಯದು ನಿಪ್ಪಾಣಿಯ ಅಮೋಲನದು.

ಒಂದು ಮುಂಜಾನೆ ದಿಗ್ಗೇವಾಡಿಯಿಂದ ಬಸ್ಸಿನಲ್ಲಿ ಬಂದ ಗಿರಿಜವ್ವ, ಒಬ್ಬಳೇ ಎರಡೆಕರೆ ಕಬ್ಬು ಮಾಡುವ ಹೆಣ್ಣುಮಗಳು, ಫೋನನ್ನು ಸಾಯಿರಾಳ ಮುಖಕ್ಕೇ ಹಿಡಿದಳು.

“ಇದೇನ ಕಳಿಸೀಯವಾ? ಬರೀ ಕೊಕ್ಕಿ ಕೊಕ್ಕಿ! ಯಾರದೋ ಏನೋ ಅಂತ ಬಿಟ್ಟೆ, ನಸಿಕಿನ ಪಾಳಿ ತಪ್ಪಿತು. ಇನ್ನ ಹನ್ನೊಂದ ದಿನ ತಡೀಬೇಕಂತ. ಮನ್ನೆ ಹಚ್ಚಿದ ಕಬ್ಬು, ಅಲ್ಲೀತನಕಾ ಉಳಿತೈತೇನ?”

ಪರದೆಯ ಮೇಲೆ ಹೆಸರಿನ ಜಾಗದಲ್ಲಿ ಪ್ರಶ್ನೆಚಿಹ್ನೆಗಳ ಸಾಲು. ಸಾಯಿರಾ ಚಹಾ ಕೊಟ್ಟು ಆಕೆಯನ್ನು ಕೂರಿಸಿ, ರೈತರ ಹೆಸರಿನ ಫೈಲು ತೆರೆದಳು. ಹಿಂದಿನ ದಿನ ಅದಕ್ಕೆ ಕೈ ಹಾಕಿದವನು ಅಮೋಲ. ಅವನು ಫೈಲು ತಿದ್ದಲು ಬಳಸುವ ಎಡಿಟರ್ ಸಾಫ್ಟ್‌ವೇರು ಹಳೆ ಮರಾಠಿ ಫಾಂಟಿನ ಕಾಲದ ಪದ್ಧತಿಯಲ್ಲೇ ಫೈಲು ಉಳಿಸುತ್ತಿತ್ತು. ಅದರಲ್ಲಿ ಕನ್ನಡ ಅಕ್ಷರಗಳಿಗೆ ಜಾಗವೇ ಇಲ್ಲ.

“ನನ್ನ ಮಶೀನದಾಗ ಮರಾಠಿ ಏಕದಮ್ ಚಲೋ ಕಾಣಸ್ತೈತಿ,” ಎಂದ ಅಮೋಲ ಫೋನಿನಲ್ಲಿ.

“ಕನ್ನಡ?”

“ಅದನ್ನ ನೋಡ್ಲಿಲ್ಲ.”

ಇದೇ ನೋಡಿ ನಮ್ಮ ಗಡಿಯವರ ಹಣೆಬರಹ! ಎರಡು ಭಾಷೆ ಬಾಯಲ್ಲಿ ಕೂಡಿ ಬಾಳುತ್ತವೆ, ಫೈಲಿನಲ್ಲಿ ಒಂದು ಇನ್ನೊಂದನ್ನು ನುಂಗುತ್ತದೆ.

ಸಾಯಿರಾ ಹಳೆಯ ಪ್ರತಿಯಿಂದ ಹೆಸರುಗಳನ್ನು ಮರಳಿ ತಂದಳು. ಆಮೇಲೆ ಕಟ್ಟಳೆ ಹಾಕಿದಳು. ಈ ಕೆಲಸದ ಫೈಲುಗಳೆಲ್ಲ, ಕನ್ನಡವಿರಲಿ ಮರಾಠಿಯಿರಲಿ, ಎಲ್ಲ ಭಾಷೆಗೂ ಜಾಗವಿರುವ ಯುಟಿಎಫ್-೮ ಎಂಬ ಒಂದೇ ಪದ್ಧತಿಯಲ್ಲಿ ಇರಬೇಕು. ಎಲ್ಲರ ಎಡಿಟರೂ ಪಾಲಿಸಲಿ ಎಂದು ಅದನ್ನು ಒಂದು ಫೈಲಿನಲ್ಲಿ ಬರೆದಿಟ್ಟಳು. ಮೀರಿದ ಫೈಲು ಒಳಗೇ ಬಾರದಂತೆ ಕಾವಲು ಹಾಕಿದಳು. ಅಮೋಲನ ಹದಿನೇಳು ಫೈಲು ಬಾಗಿಲಲ್ಲೇ ನಿಂತವು.

“ಅಗದಿ ಹಟಮಾರಿ ಅದೀ ನೀ! ನನ್ನ ಹಳೇ ಫೈಲ್ ಅಷ್ಟರ ಬಿಡ,” ಎಂದು ಅವನು ರೇಗಿದ.

“ಒಂದೂ ಬಿಡಂಗಿಲ್ಲ. ಕುಂದರು, ನಾನೂ ಕುಂದರ್ತೀನಿ,” ಎಂದಳು. ಅವನ ಜೊತೆ ಫೋನಿನಲ್ಲೇ ಇದ್ದು ಹದಿನೇಳನ್ನೂ ಬದಲಿಸಿ ಮುಗಿಸುವಷ್ಟರಲ್ಲಿ ಮಧ್ಯಾಹ್ನ ಎರಡು.

ಇದು ಮುಂದಿನ ತಪ್ಪಿಗೆ ತಡೆಯಾಯಿತು. ತಪ್ಪಿಹೋದ ಪಾಳಿ? ಗಿರಿಜವ್ವನ ಜೊತೆ ಸಾಯಿರಾಳೂ ದಿಗ್ಗೇವಾಡಿಯ ಬಸ್ಸು ಹತ್ತಿದಳು. ಸಂಘದ ಅಧ್ಯಕ್ಷ ಮುರಗೆಪ್ಪ ನಾಲ್ಕಾರು ರೈತರ ಜೊತೆ ಪಂಪ್‌ಹೌಸಿನ ಕಟ್ಟೆಯ ಮೇಲೆ ಕೂತಿದ್ದರು.

“ಪಾಳಿ ತಪ್ಪಿದವರು ಕಡೀಕ. ನಮ್ಮಪ್ಪನ ಕಾಲದ ಕಟ್ಟಳಿ ಇದು, ನಾ ಮುರಿಯಾಂವಲ್ಲ. ಯಾರರ ತಾವಾಗೇ ಅದಲಬದಲ ಮಾಡ್ಕೊಂಡ್ರ ನಂದೇನ ಇಲ್ಲ.”

ಕಟ್ಟಳೆಯ ಬೆಲೆ ಸಾಯಿರಾಳಿಗೆ ಗೊತ್ತಿಲ್ಲವೇ? ವಾದಿಸಲಿಲ್ಲ. ಅಲ್ಲೇ ನಿಂತು, ಎರಡೂ ಭಾಷೆಯಲ್ಲಿ, ಸಂಘದ ಇನ್ನೂರು ರೈತರಿಗೂ ಮೆಸೇಜು ಬಿಟ್ಟಳು: “ಗಿರಿಜವ್ವ ಪಾಳಿ ತಪ್ಪಿಸಿಲ್ಲ. ನಮ್ಮ ಸಾಫ್ಟ್‌ವೇರ್ ಆಕೆಯ ಹೆಸರು ಕೆಡಿಸಿತು. ತಪ್ಪು ನನ್ನದು. ಯಾರಾದರೂ ಪಾಳಿ ಬದಲಿಸಿಕೊಂಡರೆ ಆಕೆಯ ಕಬ್ಬು ಉಳಿಯುತ್ತದೆ. – ಸಾಯಿರಾ, ರಾಯಬಾಗ.”

ಕಟ್ಟೆಯ ಮೇಲಿನ ಫೋನುಗಳೆಲ್ಲ ಒಟ್ಟಿಗೇ ಗುಂಯ್‌ಗುಟ್ಟಿದವು. ಮುರಗೆಪ್ಪ ಓದಿ, “ನಿಪ್ಪಾಣಿ ಹುಡುಗನ ತಪ್ಪ ಅಂತ ಗಿರಿಜವ್ವ ಹೇಳ್ತಾಳ, ನೀ ಯಾಕ ಮೈಮ್ಯಾಲ ಹಾಕ್ಕೋತಿ? ಮುಂದಿನ ವರ್ಷ ಸಂಘ ನಿನಗ ಕೆಲಸ ಕೊಡದಿದ್ರ?” ಎಂದರು.

“ಹೆಸರು ನನ್ನ ಕೈಯಾಗ ಕೊಟ್ಟಿದ್ರಿ. ಕಟ್ಟಳಿ ನಾ ಮದ್ಲ ಹಾಕಬೇಕಿತ್ರಿ.”

ನಾಳೆ ಮುಂಜಾನೆಯ ಪಾಳಿ ಅಲ್ಲೇ ಕೂತಿದ್ದ ಧರೆಪ್ಪನದು, ಬದುವಿನ ಗೇಣು ಜಾಗಕ್ಕೂ ಜಗಳ ತೆಗೆಯುವ ಮನುಷ್ಯ. ಅವನು ಫೋನು ಕಿಸೆಗಿಟ್ಟು, “ನಂದು ಎದಿಮಟ್ಟ ಬೆಳದ ಕಬ್ಬು, ತಡೀತೈತಿ. ನನ್ನ ಪಾಳಿ ಆಕೀಗಿ ಬರೀರಿ,” ಎಂದು ಎದ್ದುಹೋದ.

ಮರುದಿನ ಬೆಳಿಗ್ಗೆ ಸಾಯಿರಾಳ ಫೋನು ಬಡಿಯಿತು. ಎತ್ತಿದರೆ ಮಾತಿಲ್ಲ, ಬರೀ ಭೋರ್ರನೆ ನೀರು ಹರಿಯುವ ಸದ್ದು. ಆಮೇಲೆ ಗಿರಿಜವ್ವನ ದನಿ ಬಂತು.

“ಪೈಪಿನ ಬಾಯಿಗೇ ಹಿಡದೀನಿ. ಕೇಳಾಕತ್ತೈತೇನವಾ?”

“ಕೇಳಾಕತ್ತೈತ್ರಿ,” ಎಂದಳು ಸಾಯಿರಾ.