ಕೆರೆಗೆ ಬಿಟ್ಟ ಕಾಯಿಲೆ

ನರಗಳನ್ನು ನಂಬಿ ನರಳಿದವರು ಯಾರಾದರೂ ಇದ್ದರೆ ಅದು ಡಾಕ್ಟರ್ ಪ್ರಮೀಳಾ. ಜೊತೆಗೆ ಓದಿದವರು ನರ್ಸಿಂಗ್ ಹೋಮ್ ಕಟ್ಟಿ, ಅದರ ಮೇಲೆ ಇನ್ನೊಂದು ಮಹಡಿ ಏರಿಸುವ ಹೊತ್ತಿಗೆ ಇವರು ಮಲ್ಟಿಪಲ್ ಸ್ಕ್ಲೆರೋಸಿಸ್ ಮತ್ತು ಅದರ ಅಕ್ಕತಂಗಿಯರಂಥ ಕಾಯಿಲೆಗಳ ಬೆನ್ನು ಹತ್ತಿ ಕೂತರು. ಕರೆಂಟ್ ವೈರಿಗೆ ಇರುವಂತೆ ನರಕ್ಕೂ ಒಂದು ಹೊದಿಕೆ ಇರುತ್ತದೆ. ಮೈ ಕಾಯಬೇಕಾದ ಪಡೆಯೇ ಅದನ್ನು ತಿನ್ನತೊಡಗುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಕಣ್ಣು ಮಂಜಾಗುತ್ತದೆ, ಕಾಲು ಜೋಮು ಹಿಡಿಯುತ್ತದೆ, ಕೆಲವು ವಾರದಲ್ಲಿ ಸರಿಹೋಗುತ್ತದೆ. ಪ್ರಮೀಳಾ ಅವರ ಗೋಳು ಶುರುವಾಗುವುದೇ ಸರಿಹೋದ ಮೇಲೆ.

ಈ ಕಾಯಿಲೆ ಸರಿಹೋದಂತೆ ಕಂಡು ಮತ್ತೆ ಎರಗುತ್ತದೆ. ಮಾತ್ರೆಯಿಂದ ಆ ಮರುದಾಳಿ ತಪ್ಪುತ್ತದೆಯೇ ಎಂದು ತಿಳಿಯಲು ನಾಲ್ಕು ತಾಲ್ಲೂಕಿನ ರೋಗಿಗಳನ್ನು ಸೇರಿಸಿ ಅಧ್ಯಯನ ಹೂಡಿದ್ದರು. ಮಾತ್ರೆ ನಾಟಿದವರು ತಪಾಸಣೆಗೆ ಮತ್ತೆ ಬರಲಿಲ್ಲ. ನಾಟದವರು ತಪ್ಪದೆ ಬಂದರು. ಹೀಗಾಗಿ ಅಧ್ಯಯನದ ಪ್ರಕಾರ ಆ ಮಾತ್ರೆ ನುಂಗಿ ಉದ್ಧಾರವಾದವರೇ ಇಲ್ಲ. ಫೋನ್ ಮಾಡಿ ಕರೆದರೆ ಹೊನ್ನಾಳಿಯವರು ಹೊನ್ನಿನಂಥ ಮಾತಾಡಿ ಫೋನಿಟ್ಟರು. ನ್ಯಾಮತಿಯವರಿಗೆ ನೇಮವೇ ಇರಲಿಲ್ಲ. ರೋಗಿಗಳ ಮನೆಯವರ ರಕ್ತವನ್ನೂ ಕೇಳಿದ್ದಕ್ಕೆ ಜಗಳೂರಿನವರು ಮಾತ್ರ ಹೆಸರಿಗೆ ತಕ್ಕಂತೆ ನಡೆದುಕೊಂಡರು: "ರೋಗ ಇಲ್ದೋರ ರಕ್ತ ಯಾಕ್ರೀ ನಿಮಗೆ? ಹೋಲಿಸಾಕಾ? ನಮ್ಮನ್ನೇನು ಕುರಿ ಅಂದ್ಕಂಡೀರಾ?"

ಮಾತ್ರೆ ನಾಟಿದವರಲ್ಲಿ ಉಳಿದದ್ದು ಚನ್ನಗಿರಿ ತಾಲ್ಲೂಕಿನ ಸಂಧ್ಯಾರಾಣಿ ಒಬ್ಬಳೇ. ಸೂಳೆಕೆರೆ ಪಕ್ಕದ ಹಳ್ಳಿಯಲ್ಲಿ ರವಿಕೆ ಹೊಲಿಯುವವಳು, ಹೇಳಿದ ದಿನಕ್ಕೆ ಆಸ್ಪತ್ರೆಗೆ ಬರುವವಳು. ಈ ಸಲ ಅವಳೂ ಬರಲಿಲ್ಲ, ಫೋನೂ ಎತ್ತಲಿಲ್ಲ. ಪ್ರಮೀಳಾ ಡ್ರೈವರನ್ನು ಕರೆದುಕೊಂಡು ತಾವೇ ಜೀಪು ಹತ್ತಿದರು.

ಬಾಗಿಲಲ್ಲೇ ತಾಯಿ ಕೊಟ್ರಮ್ಮ ಕೈಮುಗಿದಳು. "ಬರ್ರೀ ಡಾಕ್ಟ್ರಮ್ಮಾ! ನಿಮ್ ಪುಣ್ಯದಿಂದ ಮಗಳಿಗೆ ಪೂರಾ ವಾಸಿ ಆತು. ಕಾಯಿಲೆ ಕಳಿಸಿಕೊಟ್ವಿ."

"ಎಲ್ಲಿಗೆ?"

"ಕೆರೆಗೆ! ವಾಸಿಯಾದ ಮೇಲೂ ಮದ್ದು ಮನ್ಯಾಗೆ ಇಟ್ಕಂಡ್ರೆ ಕಾಯಿಲೆಗೆ ಕರೆಯೋಲೆ ಕೊಟ್ಟಂಗೆ. ಉಳಿದ ಮಾತ್ರೆ, ನಿಮ್ ಸ್ಕ್ಯಾನಿನ ಫಿಲ್ಮು ಎಲ್ಲಾ ಅರಿಶಿಣದ ಬಟ್ಟೇಲಿ ಕಟ್ಟಿ, ಕುಂಕುಮ ಇಟ್ಟು, ಮೊಸರನ್ನದ ಬುತ್ತಿ ಸಮೇತ ನೀರಿಗೆ ಬಿಟ್ವಿ."

ಸೂಳೆಕೆರೆಯ ಮೀನುಗಳಿಗೆ ಇನ್ನು ಈ ಕಾಯಿಲೆ ಬರುವಂತಿಲ್ಲ ಎಂದುಕೊಂಡ ಪ್ರಮೀಳಾಗೆ ನಗು ಬರಲಿಲ್ಲ. "ಅದು ವಾಸಿಯಾಗಿರಲಿಲ್ಲ ಕೊಟ್ರಮ್ಮಾ. ಮಾತ್ರೆ ಅದನ್ನ ಮಲಗಿಸಿತ್ತು, ಅಷ್ಟೆ."

"ಬಿಡ್ತು ಅನ್ರೀ!"

ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಸಂಧ್ಯಾರಾಣಿ ಎದ್ದು ಬರಲಿಲ್ಲ. ಪ್ರಮೀಳಾ ಹೋಗಿ, ಕೆಂಪು ದಾರದ ಉಂಡೆ ಎತ್ತಿ ಹಿಡಿದು, ಒಂದೊಂದೇ ಕಣ್ಣು ಮುಚ್ಚಿಸಿ ಬಣ್ಣ ಯಾವುದೆಂದು ಕೇಳಿದರು.

"ಬಲಗಣ್ಣಿಗೆ ಕೆಂಪು ಮೇಡಂ. ಎಡಗಣ್ಣಿಗೆ..." ಅವಳು ದನಿ ತಗ್ಗಿಸಿದಳು. "ಇಟ್ಟಿಗೆ ತೊಳೆದ ನೀರಿನಂಗೆ. ಕಣ್ ಹೊರಳಿಸಿದ್ರೆ ನೋವು. ಅವ್ವ ಅಷ್ಟು ಸಡಗರದಿಂದ ಕಳಿಸಿಕೊಟ್ಟಾಳೆ, ಹೆಂಗೆ ಹೇಳಲಿ?"

"ಇವತ್ತೇ ನಡಿ. ಡ್ರಿಪ್ ಹಾಕಬೇಕು, ಮತ್ತೆ ಮಾತ್ರೆ ಶುರು ಮಾಡಬೇಕು. ತಡವಾದರೆ ಆ ಕಣ್ಣಿನ ಭರವಸೆ ನಾನು ಕೊಡೋದಿಲ್ಲ."

ಕೊಟ್ರಮ್ಮ ಬಾಗಿಲಿಗೆ ಅಡ್ಡ ನಿಂತಳು. "ಕಳಿಸಿದ್ದನ್ನ ವಾಪಸ್ ಕರೆದ್ರೆ ಮನೆಮಂದಿಗೆಲ್ಲಾ ಬಡೀತೈತೆ. ಮಾತ್ರೆ ಈ ಹೊಸ್ತಿಲು ದಾಟಂಗಿಲ್ಲ!"

ಪ್ರಮೀಳಾ ರೇಗಿದರು, ಬೇಡಿಕೊಂಡರು, ಸೀಮೆಸುಣ್ಣದಲ್ಲಿ ನೆಲದ ಮೇಲೆ ನರದ ಚಿತ್ರ ಬರೆದರು. ಕೊಟ್ರಮ್ಮ ಅದನ್ನು ರಂಗೋಲಿಯಂತೆ ದಾಟಿಕೊಂಡು ಓಡಾಡಿದಳು.

ಕೊನೆಗೆ ಸಂಧ್ಯಾರಾಣಿಯೇ ಎದ್ದಳು. "ಅವ್ವಾ, ಮಾತ್ರೆ ತಾನೇ ಹೊಸ್ತಿಲು ದಾಟಬಾರ್ದು? ನಾನು ದಾಟಬಹುದಲ್ಲ? ಆಸ್ಪತ್ರೆಯಿಂದ ಸೀದಾ ನ್ಯಾಮತಿ ಸಾವಂತ್ರಮ್ಮತ್ತೆ ಮನೆಗೆ ಹೋಗ್ತೀನಿ. ಆ ಮನೆಯಿಂದ ಯಾರೂ ಏನೂ ಕಳಿಸಿಲ್ಲ."

ಕೊಟ್ರಮ್ಮ ಈ ವಾದದಲ್ಲಿ ತೂತು ಹುಡುಕಿದಳು. ಸಿಗದೆ ಬಾಗಿಲು ಬಿಟ್ಟು ಸರಿದಳು. "ನಿಲ್ಲು, ಬುತ್ತಿ ಕಟ್ತೀನಿ."

"ಮೊಸರನ್ನ ಬ್ಯಾಡವ್ವಾ. ಅದು ಕಾಯಿಲೆಗೆ ಕೊಟ್ಟಿದ್ದು."

ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಳು. ಕೊಡುವಾಗ ಮಗಳ ಎಡಗಣ್ಣನ್ನೇ ನೋಡಿದಳು, ಅದರ ಮೇಲೆ ಒಮ್ಮೆ ಕೈಯಾಡಿಸಿದಳು.

ನಡುವೆ ಮಾತ್ರೆ ಬಿಟ್ಟವರು ಅಧ್ಯಯನದಿಂದ ಹೊರಗೆ. ಆ ನಿಯಮ ಮಾಡಿದ್ದು ಪ್ರಮೀಳಾ ಅವರೇ. ಉಳಿದಿದ್ದ ಒಬ್ಬಳನ್ನೂ ಕೈಯಾರೆ ಕಳೆದುಕೊಂಡು, ಅವಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕೆರೆ ಏರಿಯ ಮೇಲೆ ಹೊರಟಿದ್ದರು. ಸಂಧ್ಯಾರಾಣಿ ಬಲಗಣ್ಣು ಮುಚ್ಚಿ ಎದುರಿನ ಕೆಂಪು ಟ್ರ್ಯಾಕ್ಟರ್ ನೋಡುತ್ತಿದ್ದಳು.

"ಮೇಡಂ, ಬಣ್ಣ ತಿರುಗಿ ಬಂದ್ರೆ ಅತ್ತೆನೂ ಅವ್ವನಂಗೆ ಮಾತ್ರೆ ಕಳಿಸಿಕೊಡ್ತಾಳೆ."

"ನ್ಯಾಮತಿಯಲ್ಲಿ ಕೆರೆ ಇದೆಯಾ?"

"ಕೆರೆ ಇಲ್ದಿರೋ ಊರೈತಾ ಮೇಡಂ?"

"ಮೊದಲು ಬಣ್ಣ ಬರಲಿ," ಎಂದು ಪ್ರಮೀಳಾ ಡ್ರೈವರಿಗೆ ಇನ್ನೂ ಜೋರಾಗಿ ಓಡಿಸಲು ಹೇಳಿದರು.